ಸೂಜಿ ಪೋಣಿಸ್ತಾಳ, ಆಡು ಎಡವ್ತಾಳ: ಗುಳೇದಗುಡ್ಡ ಸೀಮೆಯ ಒಂದು ಪ್ರಕರಣ

ಅಕ್ಕನ ವಯಸ್ಸು ಮೂವತ್ತರ ಆಚೆ. ಓದಿದ್ದು ಏಳನೇ ಇಯತ್ತೆ. ಊರು ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದ ಹತ್ತಿರದ ಒಂದು ಹಳ್ಳಿ. ಗಂಡ ಕುಪ್ಪಸದ ಖಣ ನೇಯುತ್ತಾನೆ, ಈಕೆ ಕಂಡಿಕೆಗೆ ನೂಲು ಸುತ್ತುತ್ತಾಳೆ. ಇಬ್ಬರು ಮಕ್ಕಳು, ಅತ್ತೆ, ಒಂದು ಆಡು. ಊರು, ಆಸ್ಪತ್ರೆ, ಬ್ಯಾಂಕು ಯಾವುದರ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ಕಣ್ಣು ಕಾಣದವರೇ ಹೆಚ್ಚಿರುವ ನಮ್ಮ ಗುಂಪಿನಲ್ಲಿ ಎಲ್ಲರೂ ಆಕೆಯನ್ನು ಅಕ್ಕ ಅಂತಲೇ ಕರೆಯುತ್ತಾರೆ, ಇಲ್ಲೂ ಹಾಗೇ ಇರಲಿ. ಬರೆಯೋಕೆ ಆಕೆ ಒಪ್ಪಿದ್ದು ಒಂದೇ ಷರತ್ತಿನ ಮೇಲೆ: "ಪಾಪ ಅಂತ ಬರಿಬ್ಯಾಡ್ರಿ."

ಆಕೆಯ ತೊಂದರೆ ಹೇಳಿದರೆ ಯಾರೂ ನಂಬುತ್ತಿರಲಿಲ್ಲ. ಮಧ್ಯಾಹ್ನ ಬಾಗಿಲ ಬೆಳಕಿಗೆ ಕೂತು ಸೂಜಿಗೆ ದಾರ ಪೋಣಿಸುತ್ತಾಳೆ, ಅದೂ ಒಂದೇ ಸಲಕ್ಕೆ. ಎದ್ದು ಎರಡು ಹೆಜ್ಜೆ ಇಟ್ಟರೆ ಬಾಗಿಲಲ್ಲಿ ಕಟ್ಟಿದ ಆಡನ್ನು ಎಡವುತ್ತಾಳೆ. ಎದುರಿಗೆ ನಿಂತು ಮಾತಾಡಿಸಿದರೆ ಮುಖ ಕಂಡು ನಗುತ್ತಾಳೆ. ಕೈ ಕುಲುಕಲು ಕೈ ಚಾಚಿದರೆ ಅದು ಆಕೆಗೆ ಕಾಣುವುದಿಲ್ಲ. ಓಣಿಯಲ್ಲಿ ಇದು ದೊಡ್ಡ ತಮಾಷೆ. "ಸೂಜಿ ಕಾಣ್ತೈತಿ, ಆಡು ಕಾಣಂಗಿಲ್ಲಂತ!" ಅತ್ತೆ ಇನ್ನೂ ಖಾರ: "ಬೇಕಾದಾಗ ಕಣ್ಣ ಅದಾವ, ಕೆಲಸ ಹೇಳಿದಾಗ ಇಲ್ಲ."

ಸಣ್ಣಾಕಿ ಇದ್ದಾಗಿಂದ ಕತ್ತಲಾದರೆ ಆಕೆಗೆ ಕಾಣುತ್ತಿರಲಿಲ್ಲ. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆಗೆ ಹೋದರೆ ಅಲ್ಲಿ ರಾತ್ರಿಯಿಡೀ ನಾಟಕ ಕಂಪನಿಗಳ ಆಟ ಇರುತ್ತದೆ. ಉಳಿದ ಹುಡುಗಿಯರು ಜೀಕಾಟ, ಬಳೆ ಅಂಗಡಿ ಅಂತ ಓಡಾಡಿದರೆ ಈಕೆ ಅವ್ವನ ಸೆರಗು ಹಿಡಿದು ಕೂತಲ್ಲೇ ಕೂರುವುದು. ಇರುಳುಗಣ್ಣು ಅಂದರು. ನುಗ್ಗೆ ಸೊಪ್ಪು, ಪಪ್ಪಾಯಿ, ಗಜ್ಜರಿ ತಿನ್ನಿಸಿದರು, ವಿಟಮಿನ್ ಎ ಕೊಡಿಸಿದರು. ವಿಟಮಿನ್ ಎ ಕೊರತೆಯಿಂದ ಬರುವ ಇರುಳುಗಣ್ಣಾಗಿದ್ದರೆ ಅದು ಹೋಗಬೇಕಿತ್ತು. ಹೋಗಲಿಲ್ಲ. ಮದುವೆಯಾದ ಮೇಲೆ ಹಗಲಲ್ಲೂ ಅಕ್ಕಪಕ್ಕದ್ದು ಕಾಣುವುದು ಕಡಿಮೆ ಆಗುತ್ತಾ ಬಂತು. ಯಾರೋ ಹೇಳಿದರು ಅಂತ ನಾಟಿ ಔಷಧದ ಹನಿ ಹಾಕಿಸಿಕೊಂಡದ್ದೂ ಆಯಿತು. ಕಣ್ಣು ಉರಿದಿದ್ದೇ ಬಂತು.

ಇದರ ಹೆಸರು ರೆಟಿನೈಟಿಸ್ ಪಿಗ್ಮೆಂಟೋಸಾ. ಸುಲಭಕ್ಕೆ ಆರ್‌ಪಿ ಅನ್ನುತ್ತಾರೆ. ಕಣ್ಣಿನ ಹಿಂಭಾಗದ ಅಕ್ಷಿಪಟಲದ ಕೋಶಗಳು ಅಂಚಿನಿಂದ ಸಾಯುತ್ತಾ ಬರುವ, ವಂಶದಲ್ಲಿ ಹರಿಯುವ ಕಾಯಿಲೆ. ಮಂದ ಬೆಳಕಿಗೆ ಬೇಕಾದ ಕೋಶಗಳು ಮೊದಲು ಹೋಗುತ್ತವೆ, ಅದಕ್ಕೇ ರಾತ್ರಿ ಮೊದಲು ಕೈಕೊಡುತ್ತದೆ. ಆಮೇಲೆ ನೋಟ ಸುತ್ತಲಿಂದ ಕಿರಿದಾಗುತ್ತಾ ಬರುತ್ತದೆ. ನಟ್ಟನಡುವಿನ ಚುಕ್ಕೆಯಷ್ಟು ನೋಟ ಬಹಳ ವರ್ಷ ಚೊಕ್ಕವಾಗೇ ಉಳಿಯಬಹುದು. ಅಕ್ಕನ ಅವ್ವ ಮದುವೆಯಾದದ್ದು ಸ್ವಂತ ಸೋದರಮಾವನನ್ನು. ನಮ್ಮ ಕಡೆ ಇದು ಹೊಸದೇನಲ್ಲ. ಎಲ್ಲಾ ಆರ್‌ಪಿಗೂ ಅದೇ ಕಾರಣ ಅಂತಲ್ಲ. ಆದರೆ ರಕ್ತಸಂಬಂಧದಲ್ಲಿ ಮದುವೆಯಾದಾಗ ತಂದೆ-ತಾಯಿ ಇಬ್ಬರಲ್ಲೂ ಅದೇ ದೋಷದ ಜೀನ್ ಇರುವ ಸಾಧ್ಯತೆ ಜಾಸ್ತಿ.

ಪ್ರಕರಣ ನಮ್ಮ ಹತ್ತಿರ ಬಂದದ್ದು ಮಗ್ಗದ ಕುಣಿಯಿಂದ. ಖಣ ನೇಯುವ ಮನೆಗಳಲ್ಲಿ ಕುಣಿಮಗ್ಗ ಇರುತ್ತದೆ. ನೆಲದಲ್ಲಿ ಗುಂಡಿ ತೋಡಿ, ನೇಕಾರ ಅದರೊಳಗೆ ಕಾಲು ಇಳಿಬಿಟ್ಟು ಕೂತು ತುಳಿಗೆ ತುಳಿಯುತ್ತಾನೆ. ಒಂದು ಸಂಜೆ ಕರೆಂಟು ಹೋಗಿತ್ತು. ಗಂಡ ಹೊರಗೆ ಹೋಗಿದ್ದ. ಅಕ್ಕ ಆ ಗುಂಡಿಗೆ ಬಿದ್ದಳು. ಮಣಿಕಟ್ಟು ಮುರಿಯಿತು, ಮಗ್ಗದ ಮೇಲಿನ ಹಾಸಿನ ಎಳೆಗಳೂ ಹರಿದವು. ಮನೆಯಲ್ಲಿ ಜಾಸ್ತಿ ಬೈಗುಳ ಬಿದ್ದಿದ್ದು ಯಾವುದಕ್ಕೆ ಅಂತ ಬೇರೆ ಹೇಳಬೇಕಾಗಿಲ್ಲ ಅಲ್ವಾ? ಪಂಚಾಯಿತಿಯ ಗ್ರಾಮ ಪುನರ್ವಸತಿ ಕಾರ್ಯಕರ್ತ, ಎಲ್ಲರೂ ವಿಆರ್‌ಡಬ್ಲ್ಯು ಅನ್ನುತ್ತಾರೆ, ಆ ವಾರ ಆ ಓಣಿಗೆ ಹೋಗಿದ್ದ. ಅವನೂ ಪೋಲಿಯೊ ಆದವನೇ. ಬ್ಯಾಂಡೇಜ್ ನೋಡಿ ವಿಚಾರಿಸಿದ. ಅಂಗವಿಕಲರ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿಸಿದ.

ವೈದ್ಯರು ತಪಾಸಣೆ ಮಾಡುವ ದಿನ ಗಂಡನೂ ಜತೆಗೆ ಹೋದ. ಶಕ್ತಿ ಯೋಜನೆ ಇರುವುದರಿಂದ ಅಕ್ಕನಿಗೆ ಟಿಕೆಟ್ ಇಲ್ಲ, ಗಂಡನಿಗೆ ಉಂಟು. ಮಗ್ಗ ನಿಂತ ದಿನದ ಕೂಲಿಯೂ ಹೋಯಿತು. ಅಲ್ಲಿ ಭಯಂಕರ ಗದ್ದಲ. ಸರತಿ ಬಂದಾಗ ಆರು ಮೀಟರ್ ದೂರದ ಚಾರ್ಟ್ ಓದಿಸಿದರು. ಚಾರ್ಟ್ ಎಲ್ಲಿದೆ ಅಂತ ಹುಡುಕೋಕೆ ಅಕ್ಕನಿಗೆ ಒಂದಿಷ್ಟು ಹೊತ್ತು ಹಿಡಿಯಿತು. ಸಿಕ್ಕ ಮೇಲೆ ಪಟಪಟ ಓದಿದಳು. ಎರಡೂ ಕಣ್ಣು 6/12, ಅಂದರೆ ಸರಿ ಕಣ್ಣಿನವರು 12 ಮೀಟರ್ ದೂರದಿಂದ ಓದುವುದನ್ನು ಈಕೆ 6 ಮೀಟರ್ ದೂರದಿಂದ ಓದುತ್ತಾಳೆ. ಅಷ್ಟು ನೋಟ ಇದ್ದರೆ ಅಂಗವೈಕಲ್ಯ ಸೊನ್ನೆ. ಕಾಗದದಲ್ಲಿ ಹಾಗೇ ಬರೆದುಕೊಟ್ಟರು. ಬಸ್ ಸ್ಟ್ಯಾಂಡಿಗೆ ವಾಪಸ್ ಬರುವಾಗ ಫುಟ್‌ಪಾತಿನ ಕಲ್ಲಿಗೆ ಬಡಿದು ಹೆಬ್ಬೆರಳ ಉಗುರು ಕಿತ್ತಿತು.

ನಮ್ಮ ಗುಂಪು ಅಂದರೆ ದೊಡ್ಡ ಸಂಸ್ಥೆ ಏನಲ್ಲ. ನೋಂದಣಿಯೂ ಆಗಿಲ್ಲ. ತಿಂಗಳಿಗೊಮ್ಮೆ ಒಂದು ಶಾಲೆಯ ವರಾಂಡದಲ್ಲಿ ಸೇರುವ ಹತ್ತಿಪ್ಪತ್ತು ಜನ. ಹೆಚ್ಚಿನವರಿಗೆ ಪೂರ್ತಿ ಕಾಣುವುದಿಲ್ಲ. ಮುಂದಾಳು ಒಬ್ಬ ಮಾಸ್ತರು, ಹುಟ್ಟಿನಿಂದ ದೃಷ್ಟಿ ಇಲ್ಲದವರು, ಬ್ರೈಲ್‌ನಲ್ಲಿ ಓದಿ ನೌಕರಿ ಹಿಡಿದವರು. ನನಗೆ ಕಾಣುತ್ತದೆ. ಕಾಗದ ಓದುವುದು, ಅರ್ಜಿ ಬರೆಯುವುದು ನನ್ನ ಪಾಲಿನ ಕೆಲಸ.

ಅಕ್ಕ ಬಂದ ದಿನ ಆ ವರಾಂಡದಲ್ಲಿ ನಡೆದ ಮಾತು ಅಷ್ಟೇನೂ ಚೆಂದ ಇರಲಿಲ್ಲ. ಒಬ್ಬ ಹುಡುಗ, ಡಿಗ್ರಿ ಮುಗಿಸಿ ಪರೀಕ್ಷೆ ಮೇಲೆ ಪರೀಕ್ಷೆ ಬರೆಯುತ್ತಿರುವವನು, ನೇರವಾಗೇ ಕೇಳಿದ: "ನಿಮಗ ಕಾಣ್ತೈತಿ. ಮತ್ತ ನಮ್ಮ ಪಾಲಿಗೆ ಯಾಕ ಬರ್ತೀರಿ?" ಅವನ ಸಿಟ್ಟಿಗೆ ಕಾರಣ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸರ್ಕಾರಿ ನೌಕರಿಗೆ ಒಟ್ಟು ಶೇ. 4 ಮೀಸಲು. ಅದರಲ್ಲಿ ಅಂಧರು ಮತ್ತು ಮಂದದೃಷ್ಟಿಯವರಿಗೆ ಸೇರಿ ಶೇ. 1. ಆ ಒಂದರಲ್ಲಿ ಸ್ವಲ್ಪ ಕಾಣುವವರೂ ಬರುತ್ತಾರೆ, ಏನೂ ಕಾಣದವರೂ ಬರುತ್ತಾರೆ. ಪರೀಕ್ಷೆ ಬರೆಯೋದರಿಂದ ಹಿಡಿದು ಓಡಾಟದವರೆಗೆ ಸ್ವಲ್ಪ ಕಾಣುವವರಿಗೆ ಅನುಕೂಲ ಅನ್ನೋದು ಅವನ ವಾದ. ಅದರ ಮೇಲೆ ಸುಳ್ಳು ಪ್ರಮಾಣಪತ್ರದವರ ಕಾಟ. ನಿಜ ಹೇಳಬೇಕೆಂದರೆ, ಆಸ್ಪತ್ರೆಯಲ್ಲಿ ಬಿಗಿ ಹಿಡಿಯುವುದಕ್ಕೂ ಆ ಸುಳ್ಳು ಸರ್ಟಿಫಿಕೇಟಿನವರೇ ಅರ್ಧ ಕಾರಣ.

ಅಕ್ಕ ಸುಮ್ನೆ ಕೂತಿದ್ದಳು. ಆಮೇಲೆ ಹೇಳಿದಳು: "ನಿನಗ ಕಾಣಂಗಿಲ್ಲ ಅಂದ್ರ ಎಲ್ಲರೂ ನಂಬ್ತಾರ. ನನ್ನ ಯಾರೂ ನಂಬಂಗಿಲ್ಲ."

ಈ ಪ್ರಕರಣದಲ್ಲಿ ನಾನು ಹೇಳಬೇಕಾದದ್ದೂ ಇಷ್ಟೇ. ಪೂರ್ತಿ ಕಾಣದವರಿಗೆ ನಮ್ಮ ಸಮಾಜ ಒಂದು ಜಾಗ ಮಾಡಿಟ್ಟಿದೆ, ಸಣ್ಣದಾದರೂ ಇದೆ. ಯಾರಿಗಾದರೂ ಕಣ್ಣಿಲ್ಲ ಅಂದರೆ ಈ ಭಾಗದಲ್ಲಿ ಮೊದಲ ಮಾತು "ಗದಗಕ್ಕ ಕಳಿಸ್ರಿ". ಪಂಚಾಕ್ಷರಿ ಗವಾಯಿಗಳು ಬೆಳೆಸಿದ, 2010ರಲ್ಲಿ ತೀರಿಕೊಳ್ಳುವವರೆಗೂ ಪುಟ್ಟರಾಜ ಗವಾಯಿಗಳು ನಡೆಸಿದ ವೀರೇಶ್ವರ ಪುಣ್ಯಾಶ್ರಮ ಸಂಗೀತ ಕಲಿಸಿ ಎಷ್ಟೋ ಅಂಧ ಮಕ್ಕಳ ಬಾಳು ಕಟ್ಟಿದೆ, ಅದರಲ್ಲಿ ಎರಡು ಮಾತಿಲ್ಲ. ಅಕ್ಕನಿಗೂ ಒಬ್ಬ ಹಿರಿಯರು ಅದೇ ಸಲಹೆ ಕೊಟ್ಟಿದ್ದರು. ಎರಡು ಮಕ್ಕಳ ತಾಯಿ, ಹಾಡು ಅಂದರೆ ಮಾರು ದೂರ ಹೋಗುವಾಕಿ, ಹಾರ್ಮೋನಿಯಂ ಹಿಡಿದು ಏನು ಮಾಡಬೇಕು? ಅರ್ಧ ಕಾಣುವವರಿಗೆ ಹೀಗೊಂದು ಜಾಗ ಇಲ್ಲ. ಅವರು ದಿನಾ ಬೆಳಗಾದರೆ ತಮಗೆ ಕಾಣುವುದಿಲ್ಲ ಅಂತಲೂ ರುಜುವಾತು ಕೊಡಬೇಕು, ಕಾಣುತ್ತದೆ ಅಂತಲೂ ಕೊಡಬೇಕು.

ಮಾಸ್ತರು ಜಗಳ ನಿಲ್ಲಿಸಿ ನನಗೆ ಒಂದು ಕೆಲಸ ಹೇಳಿದರು. ಕಾಯ್ದೆಯ ಕೊನೆಯಲ್ಲಿ ಅಂಧತ್ವ ಅಂದರೆ ಏನು ಅಂತ ಬರೆದಿರುತ್ತದೆ, ಅದನ್ನು ಜೋರಾಗಿ ಓದು ಅಂದರು. ಓದಿದೆ. ಮೂರು ದಾರಿ ಇವೆ. ಏನೂ ಕಾಣದಿರುವುದು ಒಂದು. ಎರಡರಲ್ಲಿ ಹೆಚ್ಚು ಕಾಣುವ ಕಣ್ಣಿನಲ್ಲಿ, ಕನ್ನಡಕ ಹಾಕಿದ ಮೇಲೂ, ನೋಟ 3/60ಕ್ಕಿಂತ ಕಡಿಮೆ ಇರುವುದು ಇನ್ನೊಂದು. ಮೂರನೆಯದು, ನೋಟದ ಹರವು 10 ಡಿಗ್ರಿಗಿಂತ ಕಡಿಮೆ ಇರುವುದು. ಹರವು 10ರಿಂದ 40 ಡಿಗ್ರಿಯೊಳಗೆ ಇದ್ದರೆ ಅದು ಮಂದದೃಷ್ಟಿ.

"ಆಸ್ಪತ್ರೆಯವರು ಎಷ್ಟು ದೂರ ಕಾಣ್ತೈತಿ ಅಂತ ಕೇಳ್ಯಾರ," ಅಂದರು ಮಾಸ್ತರು. "ಎಷ್ಟು ಅಗಲ ಕಾಣ್ತೈತಿ ಅಂತ ಯಾರೂ ಕೇಳಿಲ್ಲ."

ಅಲ್ಲೇ ಒಂದು ಕಚ್ಚಾ ಪರೀಕ್ಷೆ ಮಾಡಿದೆವು. ತೋಳು ಪೂರ್ತಿ ಚಾಚಿ ಮುಷ್ಟಿ ಹಿಡಿದರೆ, ಆ ಮುಷ್ಟಿಯ ಅಗಲ ಕಣ್ಣಿಗೆ ಸುಮಾರು 10 ಡಿಗ್ರಿ. ಅಕ್ಕನಿಗೆ ಒಂದು ಕಣ್ಣು ಮುಚ್ಚಿ, ಚಾಚಿದ ತನ್ನ ಮುಷ್ಟಿಯ ನಡುವೆಯೇ ದಿಟ್ಟಿಸೋಕೆ ಹೇಳಿದೆವು. ನಾನು ಪಕ್ಕದಿಂದ ಬೆರಳು ಆಡಿಸುತ್ತಾ ಹತ್ತಿರ ತಂದೆ. ಕಂಡ ಕೂಡಲೇ ಹೇಳಬೇಕು. ಬೆರಳು ಮುಷ್ಟಿಗೆ ತಾಗುವವರೆಗೂ ಆಕೆ ಹೇಳಲೇ ಇಲ್ಲ. ಮೇಲಿನಿಂದ ತಂದರೂ ಅಷ್ಟೇ, ಕೆಳಗಿನಿಂದ ತಂದರೂ ಅಷ್ಟೇ. ನಾವು ಉಳಿದವರು ಎರಡೂ ಕಣ್ಣು ಸೇರಿ ಅಡ್ಡಲಾಗಿ ಹತ್ತಿರ ಹತ್ತಿರ 180 ಡಿಗ್ರಿ ನೋಡುತ್ತೇವೆ.

ಸೂಜಿ ಮತ್ತು ಆಡಿನ ಒಗಟು ಬಿಚ್ಚಿದ್ದು ಆವಾಗಲೇ. ಕೂತು ಲೆಕ್ಕ ಹಾಕಿದೆ. ಹರವು 8 ಡಿಗ್ರಿ ಅಂತಿಟ್ಟುಕೊಳ್ಳಿ. 25 ಸೆಂಟಿಮೀಟರ್ ದೂರದಲ್ಲಿ ಹಿಡಿದ ಸೂಜಿಯ ಹತ್ತಿರ ಕಾಣುವ ಜಾಗ ಮೂರೂವರೆ ಸೆಂಟಿಮೀಟರ್. ಸೂಜಿಯ ಕಣ್ಣಿಗೆ ಅದು ಬೇಕಾದಷ್ಟಾಯಿತು. ಆರು ಮೀಟರ್ ದೂರದಲ್ಲಿ ಅದೇ 84 ಸೆಂಟಿಮೀಟರ್ ಆಗುತ್ತದೆ. ಆಸ್ಪತ್ರೆ ಚಾರ್ಟಿನ ಅಕ್ಷರದ ಸಾಲು ಪೂರಾ ಅದರೊಳಗೆ ಬರುತ್ತದೆ. ಆದರೆ ಒಂದು ಮೀಟರ್ ದೂರದಲ್ಲಿ ಅದು ಬರೀ 14 ಸೆಂಟಿಮೀಟರ್. ನಡೆಯುವಾಗ ಮುಖ ಮುಂದಕ್ಕಿರುತ್ತದೆ, ಆಡು ಕಾಲ ಬುಡದಲ್ಲಿರುತ್ತದೆ. ಆ 14 ಸೆಂಟಿಮೀಟರಿನೊಳಗೆ ಅದು ಬರಬೇಕಾದರೆ ಆಡಿಗೇ ಪುಣ್ಯ ಬೇಕು.

ಮುಂದೇನು ಅನ್ನುವಾಗ ಮತ್ತೆ ಎರಡು ಬಣ. ಬಾಗಲಕೋಟೆಯ ನವನಗರಕ್ಕೆ ಹೋಗಿ ಜಿಲ್ಲಾಧಿಕಾರಿ ಕಚೇರಿ ಮುಂದೆ ಕೂರೋಣ ಅಂತ ಒಂದಿಷ್ಟು ಜನ. ಮಾಸ್ತರು ಒಪ್ಪಲಿಲ್ಲ. ಧರಣಿಗೆ ಕೂತರೆ ಅಧಿಕಾರಿ ಮನವಿ ತಗೊಂಡು ಅದೇ ಆಸ್ಪತ್ರೆಗೆ ಕಳಿಸುತ್ತಾರೆ, ಆಸ್ಪತ್ರೆ ಮತ್ತೆ ಅದೇ ಚಾರ್ಟ್ ಓದಿಸುತ್ತದೆ ಅನ್ನೋದು ಅವರ ಲೆಕ್ಕ. ಕಾಯ್ದೆಯ 59ನೇ ಕಲಮಿನಲ್ಲಿ ಮೇಲ್ಮನವಿಗೆ ಅವಕಾಶ ಇದೆ. ಅದನ್ನೂ ಕೈಯಲ್ಲಿಟ್ಟುಕೊಂಡು, ಮೊದಲು ಹರವಿನ ಪರೀಕ್ಷೆ ಮಾಡಿಸೋಣ ಅಂತ ತೀರ್ಮಾನ ಆಯಿತು. ನನಗೂ ಇದೇ ಸರಿ ಅನ್ನಿಸಿತು. ಘೋಷಣೆ ಕೂಗುವುದು ಸುಲಭ, ಆದರೆ ಡಿಗ್ರಿ ಲೆಕ್ಕಕ್ಕೆ ಘೋಷಣೆ ಉತ್ತರ ಆಗುವುದಿಲ್ಲ.

ಆ ಪರೀಕ್ಷೆಯನ್ನು ಪೆರಿಮೆಟ್ರಿ ಅನ್ನುತ್ತಾರೆ. ಬೋಗುಣಿಯಂಥ ಯಂತ್ರದೊಳಗೆ ಗದ್ದ ಇಟ್ಟು, ಒಂದು ಕಣ್ಣು ಮುಚ್ಚಿ, ನಡುವಿನ ದೀಪವನ್ನೇ ನೋಡಬೇಕು. ಸುತ್ತ ಅಲ್ಲಲ್ಲಿ ಚುಕ್ಕೆ ಬೆಳಕು ಮಿನುಗುತ್ತದೆ. ಕಂಡಾಗ ಕೈಯಲ್ಲಿನ ಗುಂಡಿ ಒತ್ತಬೇಕು. ಅಕ್ಕ ಬಹಳ ಹೊತ್ತು ಗುಂಡಿ ಒತ್ತದೇ ಇದ್ದದ್ದು ನೋಡಿ ಅಲ್ಲಿದ್ದ ಹುಡುಗಿ "ತಿಳೀತೇನ್ರಿ ನಿಮಗ?" ಅಂತ ಕೇಳಿದಳಂತೆ. ತಿಳಿದಿತ್ತು. ಬೆಳಕೇ ಕಂಡಿರಲಿಲ್ಲ. ಮುದ್ರಿಸಿ ಕೊಟ್ಟ ಚಿತ್ರದಲ್ಲಿ ಸುತ್ತೆಲ್ಲ ಕಪ್ಪು, ನಡುವೆ ಒಂದು ಸಣ್ಣ ಬಿಳಿ ಮಚ್ಚೆ. ಎರಡೂ ಕಣ್ಣಲ್ಲಿ 10 ಡಿಗ್ರಿಗಿಂತ ಕಡಿಮೆ.

ಆಸ್ಪತ್ರೆಗೆ ಕೊಡುವ ಮನವಿಯ ಮೊದಲ ಪ್ರತಿ ಬರೆದದ್ದು ಗುಂಪಿನ ಒಬ್ಬ ಉತ್ಸಾಹಿ ಹುಡುಗ. ಕಡುಬಡವಳು, ನಿರ್ಗತಿಕಳು, ಅನಾಥಳಂತೆ ಬದುಕುತ್ತಿರುವ ಅಬಲೆ ಅಂತೆಲ್ಲ ಇತ್ತು. ಓದಿ ಹೇಳಿದಾಗ ಅಕ್ಕ ಅರ್ಧಕ್ಕೇ ತಡೆದಳು: "ನನ್ನ ಗಂಡ ಗಟ್ಟಿಮುಟ್ಟ ಅದಾನ, ನಾ ಅನಾಥಿ ಹೆಂಗ ಆಗ್ತೀನಿ?" ಎಲ್ಲರೂ ನಕ್ಕರು, ಹುಡುಗನೂ ನಕ್ಕ. ಕೊನೆಗೆ ಕಳಿಸಿದ್ದು ಅರ್ಧ ಪುಟ. ಹಿಂದಿನ ತಪಾಸಣೆಯಲ್ಲಿ ನೋಟದ ಹರವು ಅಳೆದಿಲ್ಲ, ಈಗ ಅಳೆಸಿದ ವರದಿ ಲಗತ್ತಿಸಿದೆ, ಕಾಯ್ದೆಯ ವ್ಯಾಖ್ಯೆ ಹೀಗಿದೆ, ಮತ್ತೆ ತಪಾಸಣೆ ಮಾಡಿ. ಬಡತನದ ಮಾತೇ ಇಲ್ಲ.

ಎರಡನೇ ಸಲ ಅಕ್ಕನೇ ಬಾಯಿ ಬಿಟ್ಟಳು. ಡಾಕ್ಟರು ಮತ್ತೆ ಚಾರ್ಟಿನ ಕಡೆ ಕೈ ತೋರಿಸಿದಾಗ "ಅದು ಓದ್ತೀನ್ರಿ. ಅದರ ಕೆಳಗ ಸ್ಟೂಲ್ ಐತೋ ಇಲ್ಲೋ ಅಂತ ಕೇಳ್ರಿ" ಅಂದಳು. ಡಾಕ್ಟರು ವರದಿ ಓದಿದರು, ಹನಿ ಹಾಕಿ ಪಾಪೆ ಹಿಗ್ಗಿಸಿ ಅಕ್ಷಿಪಟಲ ನೋಡಿದರು, ತಕರಾರಿಲ್ಲದೆ ಬರೆದುಕೊಟ್ಟರು. ಅವರನ್ನು ನಾನು ದೂರುವುದಿಲ್ಲ. ಒಂದು ಕಣ್ಣಿನ ಪೆರಿಮೆಟ್ರಿಗೇ ಐದಾರು ನಿಮಿಷ ಬೇಕು, ಹೊರಗೆ ಜನ ಬಾಗಿಲು ತಳ್ಳುತ್ತಿರುತ್ತಾರೆ. ಆದರೆ ರಾತ್ರಿ ಕಾಣಲ್ಲ, ಎಡವುತ್ತೇನೆ ಅಂತ ಹೇಳಿಕೊಂಡು ಬಂದವರಿಗೆ ಆ ಪರೀಕ್ಷೆ ಬರೆದುಕೊಡುವ ಕೆಲಸ ಆಸ್ಪತ್ರೆಯದು. ಏಳನೇ ಇಯತ್ತೆ ಓದಿದ ಹೆಂಗಸು ಕೇಳಿ ಪಡೆಯಬೇಕಾದದ್ದಲ್ಲ.

ಕಾರ್ಡು ಬಂತು. ನೀಲಿ ಬಣ್ಣದ್ದು. ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಕಾರ್ಡಿನಲ್ಲಿ, ಅಂಗವೈಕಲ್ಯ ಶೇ. 40ಕ್ಕಿಂತ ಕಡಿಮೆ ಇದ್ದರೆ ಬಿಳಿ ಪಟ್ಟಿ, 40ರಿಂದ 80ರೊಳಗೆ ಹಳದಿ, 80 ಮತ್ತು ಮೇಲಿದ್ದರೆ ನೀಲಿ. ನಾಡಕಚೇರಿಯಲ್ಲಿ ಪಿಂಚಣಿಗೆ ಅರ್ಜಿ ಹೋಯಿತು.

ಮನೆಯ ಕೆಲಸ ಮಾತ್ರ ಕಾರ್ಡಿನಿಂದ ಆಗಲಿಲ್ಲ. ಮಾಸ್ತರು ಹಳೆಯ ರಟ್ಟಿನಿಂದ ಎರಡು ಕೊಳವೆ ಮಾಡಿಸಿ ವಿಆರ್‌ಡಬ್ಲ್ಯು ಕೈಯಲ್ಲಿ ಕಳಿಸಿದ್ದರು. 30 ಸೆಂಟಿಮೀಟರ್ ಉದ್ದ, 5 ಸೆಂಟಿಮೀಟರ್ ಅಗಲ. ಕಣ್ಣಿಗೆ ಹಚ್ಚಿದರೆ ಹರವು ಒಂಬತ್ತು-ಹತ್ತು ಡಿಗ್ರಿಗೆ ಇಳಿಯುತ್ತದೆ. ಅತ್ತೆಗೆ ಅವುಗಳನ್ನು ಕಣ್ಣಿಗೆ ಹಿಡಿದು ಪಡಸಾಲೆಯಿಂದ ಅಡುಗೆಮನೆಗೆ ಹೋಗಿ ನೀರಿನ ತಂಬಿಗೆ ತರೋಕೆ ಹೇಳಿದ. ಆಕೆ ನಗುತ್ತಲೇ ಎದ್ದಳು. ಕಂಬಕ್ಕೆ ಭುಜ ತಾಗಿತು. ಹರಡಿದ್ದ ಕಂಡಿಕೆ ಬುಟ್ಟಿಗೆ ಕಾಲು ತಾಗಿತು. ಮಗ್ಗದ ಕುಣಿಯ ಹತ್ತಿರ ಬಂದಾಗ ಮೊಮ್ಮಗ ಕೂಗಿದ. ಕೊಳವೆ ಕೆಳಗಿಟ್ಟು ಗುಂಡಿಯನ್ನು ನೋಡುತ್ತಾ ನಿಂತಳಂತೆ. ಅವತ್ತಿನಿಂದ ಅತ್ತೆ ಹೂವಿನಂಥವಳಾದಳು ಅಂತೆಲ್ಲ ಇಲ್ಲ. ಬೈಗುಳ ಈಗಲೂ ಇದೆ, "ನಾಟಕ ಮಾಡ್ತಾಳ" ಅನ್ನೋದು ಮಾತ್ರ ನಿಂತಿದೆ. ಆಡಿನ ಗೂಟ ಹಿತ್ತಲಿಗೆ ಹೋಯಿತು.

ಉಳಿದ ಬದಲಾವಣೆಗಳು ಬಲು ಅಗ್ಗ. ಕೆಲಸ ಮುಗಿದ ಮೇಲೆ ಕುಣಿಯ ಮೇಲೆ ಹಲಗೆ ಮುಚ್ಚುತ್ತಾರೆ. ಕೆಂಪು ಕಲ್ಲಿನ ಮೆಟ್ಟಿಲುಗಳ ಅಂಚಿಗೆ ನಾಲ್ಕು ಬೆರಳಗಲ ಸುಣ್ಣದ ಪಟ್ಟೆ ಹೊಡೆದರು. ಬಣ್ಣ ಎದ್ದು ಕಂಡರೆ ಆ ಕಿರಿದಾದ ನೋಟಕ್ಕೂ ಅಂಚು ಸಿಗುತ್ತದೆ. ಕುರ್ಚಿ, ಬಿಂದಿಗೆ ಇಟ್ಟಲ್ಲೇ ಇರಬೇಕು. ಬಾಗಿಲು ಪೂರ್ತಿ ತೆರೆದಿರಬೇಕು, ಇಲ್ಲ ಪೂರ್ತಿ ಮುಚ್ಚಿರಬೇಕು. ಅರ್ಧ ತೆರೆದ ಬಾಗಿಲೇ ಹಣೆಗೆ ಬಡಿಯುವುದು. ಇಷ್ಟಕ್ಕೆ ಯಾವ ಯೋಜನೆಯೂ ಬೇಕಾಗಲಿಲ್ಲ.

ಬಿಳಿ ಕೋಲಿನ ವಿಷಯಕ್ಕೆ ಜಾಸ್ತಿ ದಿನ ಹಿಡಿಯಿತು. ಕೋಲು ಹಿಡಿದರೆ ಕುರುಡಿ ಅಂತಾರೆ, ಹಿಡಿಯದಿದ್ದರೆ ಕಣ್ಣು ಕಾಣ್ತದೆ ಅಂತಾರೆ. ಅದೂ ಸಾಲದು ಅಂತ, ಕೋಲು ಹಿಡಿದು ಹೋಗಿ ಅಂಗಡಿಯಲ್ಲಿ ಬಿಸ್ಕತ್ತಿನ ಪೊಟ್ಟಣದ ಮೇಲಿನ ಬೆಲೆ ಓದಿದರೆ "ನೋಡ್ರಿ, ನಾಟಕ" ಅಂತ ಮತ್ತೆ ಶುರು. ಗುಂಪಿನಲ್ಲಿ ನಮ್ಮ ನಿಲುವೂ ಒಂದೇ ಇರಲಿಲ್ಲ. ಮಾಸ್ತರು ಹಿಡಿಯಲೇಬೇಕು ಅಂದರು. ಒತ್ತಾಯ ಬೇಡ ಅನ್ನೋದು ನನ್ನ ಮಾತು. ಅಕ್ಕ ತಾನೇ ಒಂದು ದಾರಿ ಮಾಡಿಕೊಂಡಳು. ಮಡಚುವ ಕೋಲು ಚೀಲದಲ್ಲಿ ಇರುತ್ತದೆ. ಹೊತ್ತು ಇಳಿದ ಮೇಲೆ ಮತ್ತು ಪರಊರಿನ ಬಸ್ ಸ್ಟ್ಯಾಂಡಿನಲ್ಲಿ ಹೊರಗೆ ಬರುತ್ತದೆ. ತನ್ನ ಓಣಿಯಲ್ಲಿ ಹಗಲು ಹೊತ್ತು ಇಲ್ಲ.

ಮಕ್ಕಳನ್ನೂ ತೋರಿಸಿದ್ದಾರೆ. ಮಗನ ಕಣ್ಣು ಸರಿ ಇದೆ. ಮಗಳದ್ದು ಈಗ ಏನೂ ಹೇಳೋಕಾಗಲ್ಲ, ವರ್ಷಕ್ಕೊಮ್ಮೆ ತೋರಿಸಿ ಅಂದಿದ್ದಾರೆ. ಗಂಡ ಅತ್ತೆಯ ಕಡೆಯಿಂದ ಅಕ್ಕನಿಗೆ ದೂರದ ಸಂಬಂಧಿಕನೇ. ಮಗಳ ಮದುವೆಯನ್ನು ನೆಂಟರಲ್ಲೇ ಮಾಡುವ ಮಾತು ಮನೆಯಲ್ಲಿ ಆಗಲೇ ಎರಡು ಸಲ ಬಂದಿತ್ತಂತೆ, ಆ ಹುಡುಗಿ ಇನ್ನೂ ನಾಲ್ಕನೇ ಇಯತ್ತೆಯಲ್ಲಿ. ಅಕ್ಕ ಖಡಾಖಂಡಿತ ಬೇಡ ಅಂದಿದ್ದಾಳೆ. ಅತ್ತೆ ಉತ್ತರ ಕೊಟ್ಟಿಲ್ಲ.

ಈಗ ನಡೆಯುತ್ತಿರುವುದು ಬ್ಯಾಂಕಿನ ಕಿತಾಪತಿ. ಪಿಂಚಣಿ ಖಾತೆಗೆ ಬೀಳುತ್ತಿದೆ. ನೀಲಿ ಕಾರ್ಡು ತೋರಿಸಿದ್ದೇ ತಡ, ಇಷ್ಟು ವರ್ಷ ಸಹಿ ಮಾಡುತ್ತಿದ್ದ ಹೆಂಗಸಿಗೆ ಹೆಬ್ಬೆಟ್ಟು ಒತ್ತು ಅಂದರು. ಎಟಿಎಂ ಕಾರ್ಡು ಕೊಡಲ್ಲ, ಗಂಡನ ಹೆಸರು ಸೇರಿಸಿ ಜಂಟಿ ಖಾತೆ ಮಾಡಿಸು ಅಂದರು. ನಿನ್ನೆವರೆಗೆ ಕಾಣುವುದಿಲ್ಲ ಅಂದರೆ ನಂಬದವರು, ಇವತ್ತು ಏನೂ ಕಾಣುವುದಿಲ್ಲ ಅಂತ ನಂಬಿದರು! ದೃಷ್ಟಿ ದೋಷ ಇರುವವರಿಗೆ ಚೆಕ್ ಪುಸ್ತಕ, ಎಟಿಎಂ, ಲಾಕರ್ ಸೇರಿ ಎಲ್ಲ ಸೌಲಭ್ಯವನ್ನೂ ಭೇದ ಮಾಡದೆ ಕೊಡಬೇಕು ಅಂತ ರಿಸರ್ವ್ ಬ್ಯಾಂಕು 2008ರ ಜೂನ್ 4ರಂದೇ ಸುತ್ತೋಲೆ ಹೊರಡಿಸಿದೆ. ತನ್ನ ಹಣಕಾಸನ್ನು ತಾನೇ ನೋಡಿಕೊಳ್ಳುವ ಹಕ್ಕು 2016ರ ಕಾಯ್ದೆಯ 13ನೇ ಕಲಮಿನಲ್ಲೂ ಇದೆ. ಎರಡರ ಪ್ರತಿಯನ್ನೂ ಕೊಟ್ಟು, ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬಂದಿದ್ದೇವೆ.

ಸಹಿ ಈಗ ಒಪ್ಪಿದ್ದಾರೆ. ಲಗ್ನಪತ್ರಿಕೆಯ ದಪ್ಪ ಕಾಗದದಲ್ಲಿ ಸಹಿಯ ಅಳತೆಗೆ ಕಿಂಡಿ ಕತ್ತರಿಸಿಕೊಂಡಿದ್ದಾಳೆ. ಅದನ್ನು ಗೆರೆಯ ಮೇಲಿಟ್ಟು ಒಳಗೆ ಬರೆದರೆ ಅಕ್ಷರ ಅತ್ತಿತ್ತ ಹೋಗುವುದಿಲ್ಲ. ಎಟಿಎಂ ಕಾರ್ಡಿಗೆ ಮೇಲಿನ ಕಚೇರಿ ಕೇಳಬೇಕು ಅಂದಿದ್ದಾರೆ. ಮುಂದಿನ ಸೋಮವಾರ ಮತ್ತೆ ಹೋಗುವುದಿದೆ. ವರಾಂಡದಲ್ಲಿ ಅವತ್ತು ತಕರಾರು ತೆಗೆದ ಹುಡುಗ ತಾನೂ ಬರುತ್ತೇನೆ ಅಂದಿದ್ದಾನೆ, ಅವನಿಗೂ ಎಟಿಎಂ ಕಾರ್ಡು ಕೊಟ್ಟಿಲ್ಲ. ಮೀಸಲಾತಿ ವಿಷಯದಲ್ಲಿ ತನ್ನ ಮಾತು ಮಾತ್ರ ಬದಲಾಗಿಲ್ಲ ಅಂತ ಫೋನಿನಲ್ಲೇ ಹೇಳಿಬಿಟ್ಟ.